ಎಂಟನೆಯ ತರಗತಿಗೆ ಮುಚ್ಚಿದ ಬಾಗಿಲು: ಡಾ. ಪರ್ಸಿ ಜೂಲಿಯನ್ ಅವರ ಜೀವನಗಾಥೆ



ಕಳೆದ ವರ್ಷ ನನ್ನ ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಎರಡು ವಾರ ಶಾಲೆಗೆ ಬರಲಿಲ್ಲ. ವಿಚಾರಿಸಲೆಂದು ಬೆಟಗೇರಿಯಲ್ಲಿರುವ ಅವಳ ಮನೆಗೆ ಹೋದಾಗ ಅವಳ ದಾದಿ ಹಾಸಿಗೆ ಹಿಡಿದಿದ್ದರು. ಮುಂಡರಗಿ ಕಡೆಯ ಹಳ್ಳಿಯವರಾದ ಅವರಿಗೆ ಬಹಳ ವರ್ಷಗಳಿಂದ ಕೀಲುನೋವು. ಯಾರೋ ಹೇಳಿದರೆಂದು ಒಂದು ಸಣ್ಣ ಬಿಳಿ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಎರಡು ವರ್ಷ ನುಂಗಿದ್ದರು. ನುಂಗಿದ ದಿನ ನೋವು ಮಾಯವಾಗುತ್ತಿತ್ತು. ಆದರೆ ಬರಬರುತ್ತ ಮುಖ ದುಂಡಗೆ ಊದಿಕೊಂಡಿತು, ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಹೆದರಿ ಒಮ್ಮೆಲೇ ಗುಳಿಗೆ ಬಿಟ್ಟಾಗ ಎದ್ದು ಕೂರಲಾರದಷ್ಟು ನಿಶ್ಶಕ್ತಿ ಬಂತು. ದಾದಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರಿಲ್ಲ, ಹುಡುಗಿ ಎಂಟನೆಯ ತರಗತಿ ಮುಗಿಸಿದ್ದಾಳೆ, ಇಷ್ಟು ಓದು ಸಾಕು ಎಂಬ ಮಾತು ಆ ಮನೆಯಲ್ಲಿ ನಡೆದಿತ್ತು.

ಆ ಬಿಳಿ ಗುಳಿಗೆ ಸ್ಟೀರಾಯ್ಡ್ ಎಂಬ ಜಾತಿಯ ಔಷಧಿ. ಅಂದು ರಾತ್ರಿ ನನಗೆ ಬಿ.ಇಡಿ. ಓದುವಾಗ ಪರಿಚಯವಾದ ಒಬ್ಬ ಮಹನೀಯರ ನೆನಪಾಯಿತು. ಈ ಜಾತಿಯ ಔಷಧಿಗಳು ಬಡವರ ಕೈಗೆಟುಕುವಂತೆ ಮಾಡಿದ ವಿಜ್ಞಾನಿಗಳಲ್ಲಿ ಅವರೂ ಪ್ರಮುಖರು. ಎಂಟನೆಯ ತರಗತಿ ಸಾಕು ಎಂದು ಅವರಿಗೂ ಹೇಳಲಾಗಿತ್ತು. ಹೇಳಿದ್ದು ಮನೆಯವರಲ್ಲ, ಇಡೀ ಊರು! ಅವರ ಹೆಸರು ಡಾ. ಪರ್ಸಿ ಲವೊನ್ ಜೂಲಿಯನ್. ಅವರ ಬದುಕನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಮನೆತನ

ಪರ್ಸಿ ಜೂಲಿಯನ್ 1899ರ ಏಪ್ರಿಲ್ 11ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗಮರಿ ನಗರದಲ್ಲಿ ಜನಿಸಿದರು. ಕಪ್ಪು ಜನಾಂಗದ ಈ ಮನೆತನದ ಹಿರಿಯರು ಗುಲಾಮರಾಗಿದ್ದವರು. ನಮ್ಮ ಗದಗ ಸೀಮೆಯವರಿಗೆ ಹತ್ತಿ ಬಿಡಿಸುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಅಲ್ಲಿ ಅದೇ ಕೆಲಸವನ್ನು ಕೂಲಿಯಿಲ್ಲದೆ, ಚಾವಟಿಯ ಭಯದಲ್ಲಿ ಮಾಡಿಸುತ್ತಿದ್ದರು. ಗುಲಾಮರು ಅಕ್ಷರ ಕಲಿಯುವುದು ಅಪರಾಧವಾಗಿದ್ದ ಕಾಲವದು. ಓದು ಬರಹ ಕಲಿತದ್ದಕ್ಕಾಗಿ ಪರ್ಸಿಯ ಅಜ್ಜನ ಎರಡು ಬೆರಳುಗಳನ್ನು ಕತ್ತರಿಸಲಾಗಿತ್ತು ಎಂಬುದು ಆ ಮನೆಯಲ್ಲಿ ಹೇಳಿಕೊಂಡು ಬಂದ ಸಂಗತಿ.

ತಂದೆ ಜೇಮ್ಸ್ ರೈಲ್ವೆ ಅಂಚೆಯಲ್ಲಿ ಗುಮಾಸ್ತರು, ತಾಯಿ ಎಲಿಜಬೆತ್ ಶಿಕ್ಷಕಿ. ಆರು ಮಕ್ಕಳಲ್ಲಿ ಪರ್ಸಿಯೇ ಹಿರಿಯ. ಆ ಊರಿನಲ್ಲಿ ಕಪ್ಪು ಮಕ್ಕಳಿಗೆ ಸರ್ಕಾರಿ ಶಾಲೆ ಇದ್ದದ್ದು ಎಂಟನೆಯ ತರಗತಿಯವರೆಗೆ ಮಾತ್ರ. ಪ್ರೌಢಶಾಲೆಯ ಬಾಗಿಲು ಬಿಳಿಯರ ಮಕ್ಕಳಿಗಷ್ಟೇ ತೆರೆದಿತ್ತು. ಹೀಗಾಗಿ ಪರ್ಸಿ ಕಪ್ಪು ಜನಾಂಗದ ಶಿಕ್ಷಕರನ್ನು ತಯಾರಿಸುವ ತರಬೇತಿ ಶಾಲೆಯನ್ನು ಸೇರಿದ. ಅಲ್ಲಿ ರಸಾಯನಶಾಸ್ತ್ರವನ್ನು ಸರಿಯಾಗಿ ಕಲಿಸುವ ಏರ್ಪಾಡೂ ಇರಲಿಲ್ಲ.

1916ರಲ್ಲಿ ಹದಿನೇಳರ ಪರ್ಸಿ ದೂರದ ಇಂಡಿಯಾನಾ ರಾಜ್ಯದ ಡಿಪಾ ವಿಶ್ವವಿದ್ಯಾಲಯಕ್ಕೆ ಹೊರಟ. ಬೀಳ್ಕೊಡಲು ರೈಲು ನಿಲ್ದಾಣಕ್ಕೆ ಬಂದವರಲ್ಲಿ ಹತ್ತಿ ಹೊಲದಲ್ಲಿ ಗುಲಾಮಳಾಗಿ ದುಡಿದ ಮುದುಕಿಯೂ ಇದ್ದಳು, ಎರಡು ಬೆರಳಿಲ್ಲದ ಕೈ ಬೀಸಿದ ಅಜ್ಜನೂ ಇದ್ದ. ಆ ಕೈಯನ್ನು ಜೂಲಿಯನ್ ಅವರು ಕೊನೆಯವರೆಗೂ ಮರೆಯಲಿಲ್ಲ.

ಉಪವಾಸದಲ್ಲೂ ಪ್ರಥಮ ಸ್ಥಾನ

ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿತು, ಆದರೆ ಅರ್ಧ ಮನಸ್ಸಿನಿಂದ. ಪ್ರೌಢಶಾಲೆ ಓದಿರದ ಕಾರಣ ಹಗಲು ಕಾಲೇಜಿನ ಪಾಠ, ಅದರ ಜೊತೆಗೇ ಪ್ರೌಢಶಾಲೆಯ ಪಾಠ ಎರಡನ್ನೂ ಓದಬೇಕಾಯಿತು. ವಿದ್ಯಾರ್ಥಿ ನಿಲಯದಲ್ಲಿ ಕಪ್ಪು ಹುಡುಗನಿಗೆ ಜಾಗವಿಲ್ಲ. ಬಾಡಿಗೆ ಕೊಠಡಿ ಕೊಟ್ಟವರು ಊಟ ಕೊಡಲು ಒಪ್ಪಲಿಲ್ಲ. ಊಟ ಕೊಡುವ ಹೋಟೆಲು ಹುಡುಕಲು ಒಂದು ದಿನಕ್ಕೂ ಮಿಕ್ಕಿ ಅಲೆದಾಡಬೇಕಾಯಿತು. ಕೊನೆಗೆ ಬಿಳಿಯ ವಿದ್ಯಾರ್ಥಿಗಳು ವಾಸವಿದ್ದ ಒಂದು ಮನೆಯಲ್ಲಿ ಒಲೆ ಉರಿಸುವ, ಊಟ ಬಡಿಸುವ ಕೆಲಸ ಹಿಡಿದು ಅದೇ ಮನೆಯ ಅಟ್ಟದ ಮೇಲೆ ಮಲಗಿದ. 1920ರಲ್ಲಿ ಫಲಿತಾಂಶ ಬಂದಾಗ ಇಡೀ ತರಗತಿಗೆ ಪ್ರಥಮ ಸ್ಥಾನ ಪಡೆದವನು ಆ ಅಟ್ಟದ ಮೇಲಿನ ಹುಡುಗನೇ!

ಗಮನಿಸಿರಿ, ಹಿರಿಯ ಮಗನ ಹಿಂದೆ ಇಡೀ ಕುಟುಂಬವೇ ಆ ಊರಿಗೆ ಬಂದು ನೆಲೆಸಿತು. ಕಾರಣ ಒಂದೇ, ಮಕ್ಕಳ ಓದು. ತಂದೆ ಮಾತ್ರ ಕೆಲಸದ ನಿಮಿತ್ತ ದೂರ ಉಳಿದರು. ಆರೂ ಮಕ್ಕಳು ಕಾಲೇಜು ಓದಿದರು. ಇಬ್ಬರು ತಮ್ಮಂದಿರು ವೈದ್ಯರಾದರು, ತಂಗಿಯರೂ ಉನ್ನತ ಪದವಿ ಪಡೆದರು. ಗಂಡು ಮಕ್ಕಳಿಗೊಂದು, ಹೆಣ್ಣು ಮಕ್ಕಳಿಗೊಂದು ಎಂಬ ಲೆಕ್ಕ ಆ ತಂದೆ ತಾಯಿ ಹಾಕಲಿಲ್ಲ.

ಜೂಲಿಯನ್ ಅವರು 1923ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಆದರೆ ಕಪ್ಪು ಶಿಕ್ಷಕನಿಂದ ಪಾಠ ಕೇಳಲು ಬಿಳಿಯ ವಿದ್ಯಾರ್ಥಿಗಳು ಒಪ್ಪಲಾರರು ಎಂಬ ನೆಪದಿಂದ ಅಲ್ಲಿ ಬೋಧನಾ ಸಹಾಯಕನ ಕೆಲಸ ಸಿಗಲಿಲ್ಲ, ಪಿಎಚ್.ಡಿ. ಕನಸು ಅಲ್ಲಿಗೇ ನಿಂತಿತು. ಅವರು ಕಪ್ಪು ಜನಾಂಗದ ಕಾಲೇಜುಗಳಲ್ಲಿ ಪಾಠ ಹೇಳುತ್ತ ಕಾಲ ಕಾಯ್ದರು. 1929ರಲ್ಲಿ ಫೆಲೋಶಿಪ್ ದೊರೆತು ಯೂರೋಪಿನ ವಿಯೆನ್ನಾಕ್ಕೆ ಹೋದರು. ಜರ್ಮನ್ ಭಾಷೆಯನ್ನು ಕಲಿತು 1931ರಲ್ಲಿ ಅಲ್ಲಿಯೇ ಪಿಎಚ್.ಡಿ. ಮುಗಿಸಿದರು. ಸ್ವಂತ ದೇಶ ಕೊಡದ ಪದವಿಯನ್ನು ಪರದೇಶ ಕೊಟ್ಟಿತು. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಕಲಿಯುವುದು ಹೊರೆ ಎಂದು ಗೊಣಗುವ ನನ್ನ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಕಣ್ಣಿನ ಔಷಧಿ

ಪಶ್ಚಿಮ ಆಫ್ರಿಕಾದಲ್ಲಿ ಬೆಳೆಯುವ ಕ್ಯಾಲಬಾರ್ ಎಂಬ ವಿಷದ ಅವರೆಯಲ್ಲಿ ಫೈಸೋಸ್ಟಿಗ್ಮಿನ್ ಎಂಬ ವಸ್ತುವಿದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಹೋಗುವ ಗ್ಲಾಕೋಮಾ ರೋಗಕ್ಕೆ ಅದು ಔಷಧಿ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹಲವರು ಯತ್ನಿಸಿದ್ದರು. ಆಕ್ಸ್‌ಫರ್ಡಿನ ಪ್ರಸಿದ್ಧ ವಿಜ್ಞಾನಿ ರಾಬರ್ಟ್ ರಾಬಿನ್ಸನ್ ಅವರ ತಂಡವೂ ಆ ಹಾದಿಯಲ್ಲಿತ್ತು. ಡಿಪಾ ವಿಶ್ವವಿದ್ಯಾಲಯಕ್ಕೆ ಮರಳಿದ್ದ ಜೂಲಿಯನ್ ಮತ್ತು ವಿಯೆನ್ನಾದ ಗೆಳೆಯ ಜೋಸೆಫ್ ಪಿಕ್ಲ್ ತಮ್ಮ ಫಲಿತಾಂಶ ರಾಬಿನ್ಸನ್ ಅವರದಕ್ಕೆ ಹೊಂದುತ್ತಿಲ್ಲವೆಂದು ಧೈರ್ಯವಾಗಿ ಪ್ರಕಟಿಸಿದರು. ತಪ್ಪಾಗಿದ್ದರೆ ಅವರ ಭವಿಷ್ಯ ಅಲ್ಲಿಗೇ ಮುಗಿಯುತ್ತಿತ್ತು. ವಸ್ತು ಕರಗುವ ಉಷ್ಣತೆಯನ್ನು ಅಳೆದು ನೋಡಿದಾಗ ಜೂಲಿಯನ್ ಅವರೇ ಸರಿಯೆಂದು ಸಾಬೀತಾಯಿತು. ಅದು 1935ನೆಯ ಇಸವಿ.

ಇಷ್ಟಾದರೂ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಲಿಲ್ಲ. ಅಡ್ಡಬಂದದ್ದು ಚರ್ಮದ ಬಣ್ಣ. ವಿಸ್ಕಾನ್ಸಿನ್ ರಾಜ್ಯದ ಆಪಲ್ಟನ್ ನಗರದ ಒಂದು ಸಂಸ್ಥೆ ಕೆಲಸ ಕೊಡಲು ಮುಂದಾದರೆ, ಆ ಊರಿನಲ್ಲಿ ಕಪ್ಪು ಜನರು ರಾತ್ರಿ ತಂಗುವಂತಿರಲಿಲ್ಲ! ಕೊನೆಗೆ 1936ರಲ್ಲಿ ಗ್ಲಿಡನ್ ಎಂಬ ಬಣ್ಣ ತಯಾರಿಕಾ ಕಂಪನಿ ಶಿಕಾಗೋದಲ್ಲಿದ್ದ ತನ್ನ ಸೋಯಾ ವಿಭಾಗದ ಸಂಶೋಧನಾ ಮುಖ್ಯಸ್ಥರನ್ನಾಗಿ ಅವರನ್ನು ನೇಮಿಸಿಕೊಂಡಿತು. ಈ ಹೊತ್ತಿಗೆ ಅವರಿಗೆ ಅನ್ನಾ ಜಾನ್ಸನ್ ಅವರೊಡನೆ ಮದುವೆಯಾಗಿತ್ತು. ಅನ್ನಾ ಅವರು ಮದುವೆಯ ನಂತರವೂ ಓದು ಬಿಡದೆ 1937ರಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಆ ವಿಷಯದಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್ ಮಹಿಳೆ ಅವರು.

ಸೋಯಾದಿಂದ ಹಾರ್ಮೋನು

ಧಾರವಾಡ, ಬೆಳಗಾವಿ ಕಡೆಯ ಹೊಲಗಳಲ್ಲಿ ಸೋಯಾ ಅವರೆಯನ್ನು ನೀವು ನೋಡಿರಬಹುದು. ನಮಗೆ ಅದು ಎಣ್ಣೆಕಾಳು. ಜೂಲಿಯನ್ ಅವರ ಕೈಯಲ್ಲಿ ಅದು ಔಷಧಿಯ ಗಣಿಯಾಯಿತು. ಮೊದಲು ಸೋಯಾ ಪ್ರೋಟೀನಿನಿಂದ ಕಾಗದಕ್ಕೆ ಹಚ್ಚುವ ಲೇಪನ ಬಂತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಬೆಂಕಿ ಆರಿಸಲು ಬಳಸಿದ ನೊರೆಗೂ ಅದೇ ಪ್ರೋಟೀನು ಮೂಲವಸ್ತುವಾಯಿತು.

ಒಮ್ಮೆ ಕಾರ್ಖಾನೆಯ ದೊಡ್ಡ ಎಣ್ಣೆ ಟ್ಯಾಂಕಿನಲ್ಲಿ ನೀರು ಸೋರಿ ಎಣ್ಣೆ ಕೆಟ್ಟಿತು, ತಳದಲ್ಲಿ ಬಿಳಿ ಗಸಿ ಕೂತಿತು. ಬೇರೆಯವರಾಗಿದ್ದರೆ ಚೆಲ್ಲುತ್ತಿದ್ದರು. ಹಿಂದೆ ಕ್ಯಾಲಬಾರ್ ಅವರೆಯ ಎಣ್ಣೆಯಲ್ಲೂ ಇಂಥ ಬಿಳಿ ಹರಳುಗಳನ್ನು ಕಂಡಿದ್ದ ಜೂಲಿಯನ್ ಅವರಿಗೆ ಅದು ಸ್ಟಿಗ್ಮಾಸ್ಟೆರಾಲ್ ಎಂದು ಹೊಳೆಯಿತು. ಅದನ್ನು ಪ್ರೊಜೆಸ್ಟೆರಾನ್ ಎಂಬ ಸ್ತ್ರೀ ಹಾರ್ಮೋನನ್ನಾಗಿ ಬದಲಿಸಬಹುದೆಂದು ಜರ್ಮನಿಯ ವಿಜ್ಞಾನಿಗಳು ಆಗಲೇ ತೋರಿಸಿದ್ದರು. ಅದನ್ನು ಕಾರ್ಖಾನೆಯ ಪ್ರಮಾಣದಲ್ಲಿ ಸೋಯಾದಿಂದ ಮಾಡಿ ತೋರಿಸಿದ್ದು ಜೂಲಿಯನ್ ಅವರ ಸಾಧನೆ. 1940ರಲ್ಲಿ ಆ ಹಾರ್ಮೋನು ಮಾರುಕಟ್ಟೆಗೆ ಬಂತು. ಪ್ರಾಣಿಗಳ ಅಂಗಗಳಿಂದ ಚಿಟಿಕೆಯಷ್ಟು ಮಾತ್ರ ಸಿಗುತ್ತಿದ್ದ ವಸ್ತು ಆಗ ಹೇರಳವಾಗಿ ಸಿಗತೊಡಗಿತು.

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ಕೈಕಾಲು ಆಡಿಸಲಾಗದ ಒಬ್ಬ ಮಹಿಳೆಗೆ ಕಾರ್ಟಿಸೋನ್ ಎಂಬ ಹಾರ್ಮೋನಿನ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು! 1950ರ ನೊಬೆಲ್ ಪ್ರಶಸ್ತಿ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ ಸಂದಿತು. ಆದರೆ ಎತ್ತಿನ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಾಗುತ್ತಿದ್ದ ಆ ಔಷಧಿ ಚಿನ್ನಕ್ಕಿಂತ ದುಬಾರಿಯಾಗಿತ್ತು. ಆಗ ಜೂಲಿಯನ್ ಅವರು 1949ರಲ್ಲಿ ಕಾಂಪೌಂಡ್ ಎಸ್ ಎಂಬ ವಸ್ತುವನ್ನು ಸುಲಭವಾಗಿ ತಯಾರಿಸುವ ವಿಧಾನ ಕಂಡುಹಿಡಿದರು. ಕಾರ್ಟಿಸೋನ್‌ಗೂ ಅದಕ್ಕೂ ಮುಖ್ಯ ವ್ಯತ್ಯಾಸ ಒಂದೇ ಒಂದು ಆಮ್ಲಜನಕ ಪರಮಾಣು. ಇಂಥ ವಸ್ತುಗಳಿಗೆ ಆ ಪರಮಾಣುವನ್ನು ಸೇರಿಸುವ ಕೆಲಸವನ್ನು ಸೂಕ್ಷ್ಮಜೀವಿಗಳು ಮಾಡಬಲ್ಲವು ಎಂದು 1952ರಲ್ಲಿ ಅಪ್‌ಜಾನ್ ಕಂಪನಿಯ ವಿಜ್ಞಾನಿಗಳು ತೋರಿಸಿದರು. ಅವರು ಬಳಸಿದ್ದು ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿರುವ ರೈಜೋಪಸ್ ಎಂಬ ಬ್ರೆಡ್ಡಿನ ಬೂಷ್ಟಿನ ಜಾತಿ. ಹೀಗೆ ಹಲವರ ಶ್ರಮ ಕೂಡಿ ಔಷಧಿಯ ಬೆಲೆ ಇಳಿಯಿತು.

ಕೀಲಿ ಮತ್ತು ಕೀಲಿಕೈ

ಈ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ? ನಮ್ಮ ಬಹುತೇಕ ಜೀವಕೋಶಗಳ ನಡುವೆ ಕೋಶಕೇಂದ್ರ ಎಂಬ ಖಜಾನೆಯಿದೆ. ಅದರೊಳಗೆ ವಂಶವಾಹಿಗಳಿವೆ. ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳುವ ಪ್ರೋಟೀನುಗಳ ಒಂದು ಗುಂಪಿಗೆ ನ್ಯೂಕ್ಲಿಯರ್ ರಿಸೆಪ್ಟರ್ ಎಂದು ಹೆಸರು. ನ್ಯೂಕ್ಲಿಯರ್ ಎಂದೊಡನೆ ಅಣುಬಾಂಬು ನೆನೆದು ಹೆದರಬೇಡಿರಿ, ಕೋಶಕೇಂದ್ರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಅದರ ಅರ್ಥ. ಮನುಷ್ಯನಲ್ಲಿ ಇಂಥ ರಿಸೆಪ್ಟರುಗಳು 48 ಇವೆ. ರಿಸೆಪ್ಟರನ್ನು ಕೀಲಿ ಎಂದುಕೊಂಡರೆ ಹಾರ್ಮೋನು ಅದರ ಕೀಲಿಕೈ. ಥೈರಾಯ್ಡ್ ಹಾರ್ಮೋನಿಗೆ ಒಂದು ಕೀಲಿ, ವಿಟಮಿನ್ ಡಿಗೆ ಇನ್ನೊಂದು, ಸ್ತ್ರೀ ಹಾರ್ಮೋನುಗಳಿಗೆ ಬೇರೆ, ಸ್ಟೀರಾಯ್ಡಿಗೆ ಬೇರೆ.

ಸ್ಟೀರಾಯ್ಡ್ ಗುಳಿಗೆ ನುಂಗಿದಾಗ ಅದು ಜೀವಕೋಶದೊಳಗೆ ಹೋಗಿ ತನ್ನ ಕೀಲಿಯಲ್ಲಿ ಕೂಡುತ್ತದೆ. ಎರಡೂ ಸೇರಿ ಕೋಶಕೇಂದ್ರವನ್ನು ಹೊಕ್ಕು ಬಾವು ಉಂಟುಮಾಡುವ ವಂಶವಾಹಿಗಳನ್ನು ಸುಮ್ಮನಾಗಿಸುತ್ತವೆ. ಆದ್ದರಿಂದಲೇ ನೋವು, ಉಬ್ಬಸ, ತುರಿಕೆ ಬೇಗ ಇಳಿಯುತ್ತವೆ. ಆದರೆ ಅದೇ ಕೀಲಿ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇದೆ. ಯಕೃತ್ತಿನಲ್ಲಿ ಸಕ್ಕರೆ ತಯಾರಿಸುವ ವಂಶವಾಹಿಗಳೂ ಎಚ್ಚರಗೊಳ್ಳುತ್ತವೆ, ಎಲುಬು ಸವೆಯುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ. ಹೊರಗಿನಿಂದ ದಿನವೂ ಬರುವುದರಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಹಾರ್ಮೋನು ತಯಾರಿಸುವುದನ್ನೇ ಬಿಡುತ್ತದೆ. ಒಮ್ಮೆಲೇ ಗುಳಿಗೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ನನ್ನ ವಿದ್ಯಾರ್ಥಿನಿಯ ದಾದಿಗೆ ಆದದ್ದು ಇದೇ.

ಈ ಕೀಲಿಗಳ ಪತ್ತೆಯೂ ಜೂಲಿಯನ್ ಅವರಿದ್ದ ಶಿಕಾಗೋದಲ್ಲಿಯೇ ಆರಂಭವಾಯಿತು. 1958ರ ಸುಮಾರಿಗೆ ಎಲ್ವುಡ್ ಜೆನ್ಸನ್ ಎಂಬ ವಿಜ್ಞಾನಿ ಈಸ್ಟ್ರೋಜೆನ್ ಹಾರ್ಮೋನಿನ ರಿಸೆಪ್ಟರನ್ನು ಕಂಡರು. ಸ್ತನ ಕ್ಯಾನ್ಸರಿನ ಗೆಡ್ಡೆಯಲ್ಲಿ ಆ ರಿಸೆಪ್ಟರ್ ಇದೆಯೇ ಎಂದು ಇಂದು ಪರೀಕ್ಷಿಸುತ್ತಾರೆ. ಇದ್ದರೆ ಟ್ಯಾಮಾಕ್ಸಿಫೆನ್ ಎಂಬ ಗುಳಿಗೆ ಆ ಕೀಲಿಯ ರಂಧ್ರವನ್ನು ಮುಚ್ಚಿ ರೋಗವನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಕೂಡ ಇಂಥದೇ ಮತ್ತೊಂದು ಕೀಲಿಯ ಮೂಲಕ ಕೆಲಸ ಮಾಡುತ್ತದೆ. ಸ್ಟೀರಾಯ್ಡ್ ರಿಸೆಪ್ಟರಿನ ವಂಶವಾಹಿಯನ್ನು ರೊನಾಲ್ಡ್ ಇವಾನ್ಸ್ ಅವರ ತಂಡ ಬಿಡಿಸಿದ್ದು 1985ರಲ್ಲಿ. ಜೂಲಿಯನ್ ಅವರು ತೀರಿಕೊಂಡು ಆಗ ಹತ್ತು ವರ್ಷಗಳಾಗಿದ್ದವು. ಅವರು ಕೀಲಿಕೈ ಮಾಡಿಟ್ಟು ಹೋದರು, ಕೀಲಿಯ ಪೂರ್ಣ ರೂಪ ಲೋಕಕ್ಕೆ ತಿಳಿದದ್ದು ಆಮೇಲೆ.

ಮನೆಗೆ ಬೆಂಕಿ, ಮನಸ್ಸಿಗೆ ಅಲ್ಲ

1950ರಲ್ಲಿ ಶಿಕಾಗೋದ ಒಂದು ಪತ್ರಿಕೆ ಜೂಲಿಯನ್ ಅವರನ್ನು ವರ್ಷದ ಶ್ರೇಷ್ಠ ನಾಗರಿಕರೆಂದು ಗೌರವಿಸಿತು. ಅದೇ ವರ್ಷ ಅವರು ಬಿಳಿಯರೇ ಹೆಚ್ಚಾಗಿದ್ದ ಓಕ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡರು. ನವೆಂಬರ್ ತಿಂಗಳಲ್ಲಿ, ಕುಟುಂಬ ಒಳಗೆ ಕಾಲಿಡುವ ಮೊದಲೇ, ಆ ಮನೆಗೆ ಬೆಂಕಿ ಹಚ್ಚುವ ಯತ್ನ ನಡೆಯಿತು. 1951ರ ಜೂನ್‌ನಲ್ಲಿ ಮಕ್ಕಳು ಮಲಗುವ ಕೋಣೆಯ ಬಳಿ ಡೈನಮೈಟ್ ಎಸೆದರು. ದೇಶದ ರೋಗಿಗಳಿಗೆ ಔಷಧಿ ಕೊಟ್ಟವನಿಗೆ ಸಿಕ್ಕ ಪ್ರತಿಫಲ ಇದು! ಆದರೂ ಅವರು ಆ ಮನೆ ಬಿಡಲಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಊರಿನ ಅನೇಕ ಬಿಳಿಯ ನೆರೆಹೊರೆಯವರು ಆ ಕುಟುಂಬದ ಬೆಂಬಲಕ್ಕೆ ನಿಂತರು. ಲಕ್ಷ್ಮೇಶ್ವರದ ದೂದನಾನಾ ದರ್ಗಾದಲ್ಲಿ ಎಲ್ಲ ಸಮುದಾಯದವರೂ ಸೇರುವುದನ್ನು ಕಂಡು ಬೆಳೆದ ನಮಗೆ ನೆರೆಯವರ ಬೆಲೆ ಚೆನ್ನಾಗಿ ಗೊತ್ತು.

1950ರ ದಶಕದ ನಡುವೆ ಅವರು ಗ್ಲಿಡನ್ ಬಿಟ್ಟು ಸ್ವಂತ ಪ್ರಯೋಗಾಲಯ ತೆರೆದರು. ಬೇರೆಡೆ ಬಾಗಿಲು ಮುಚ್ಚಿಸಿಕೊಂಡಿದ್ದ ಕಪ್ಪು ಜನಾಂಗದ ರಸಾಯನಶಾಸ್ತ್ರಜ್ಞರಿಗೆ ಅಲ್ಲಿ ಕೆಲಸ ಕೊಟ್ಟರು. 1961ರಲ್ಲಿ ಅದನ್ನು 23 ಲಕ್ಷ ಡಾಲರಿಗೆ ಮಾರಿದರು. ನೂರಕ್ಕೂ ಹೆಚ್ಚು ಪೇಟೆಂಟುಗಳು ಅವರ ಹೆಸರಿನಲ್ಲಿವೆ. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1975ರ ಏಪ್ರಿಲ್ 19ರಂದು ಯಕೃತ್ತಿನ ಕ್ಯಾನ್ಸರಿನಿಂದ ಅವರು ನಿಧನರಾದರು. 1993ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿ ಹೊರಬಂತು. ತಂದೆ ರೈಲ್ವೆ ಅಂಚೆಯ ಗುಮಾಸ್ತ, ಮಗನ ಮುಖ ಅಂಚೆಚೀಟಿಯ ಮೇಲೆ!

ನಾವು ಕಲಿಯಬೇಕಾದ್ದು

ಓದುಗರೇ, ಈ ಜೀವನದಿಂದ ಎರಡು ವಿಷಯಗಳನ್ನು ಮನೆಗೆ ಕೊಂಡೊಯ್ಯಿರಿ.

ಮೊದಲನೆಯದು ಔಷಧಿಯ ಮಾತು. 2020ರಲ್ಲಿ ಕೋವಿಡ್ ಬಂದಾಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನ ಮೇಲಿದ್ದ ರೋಗಿಗಳಲ್ಲಿ ಸಾವನ್ನು ಸುಮಾರು ಮೂರನೆಯ ಒಂದು ಭಾಗ ಇಳಿಸಿತೆಂದು ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಆದರೆ 2021ರಲ್ಲಿ ಅಗತ್ಯಕ್ಕಿಂತ ಹೆಚ್ಚು ಸ್ಟೀರಾಯ್ಡ್ ಬಳಕೆ, ಅದರ ಜೊತೆಗೆ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಸೇರಿ ನಮ್ಮ ಕರ್ನಾಟಕದಲ್ಲೂ ಕಪ್ಪು ಶಿಲೀಂಧ್ರ ರೋಗ ಅನೇಕರ ಕಣ್ಣು, ಪ್ರಾಣ ತೆಗೆಯಿತು. ಆ ರೋಗ ತರುವ ಬೂಷ್ಟುಗಳಲ್ಲಿ ಮುಖ್ಯವಾದದ್ದು ಅದೇ ರೈಜೋಪಸ್ ಜಾತಿ. ಔಷಧಿ ತಯಾರಿಗೆ ನೆರವಾದ ಬೂಷ್ಟೇ, ಔಷಧಿ ಅಳತೆ ಮೀರಿದಾಗ ಹಗೆಯಾಯಿತು! ಮುಂಡರಗಿ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಬರುವ ಕೀಲು, ಎಲುಬಿನ ನೋವನ್ನು ಸ್ಟೀರಾಯ್ಡ್ ಗುಣಪಡಿಸದು, ಬರೀ ಮರೆಸುತ್ತದೆ. ಅದಕ್ಕೆ ಬೇಕಾದ್ದು ಶುದ್ಧ ಕುಡಿಯುವ ನೀರು. ಆದ್ದರಿಂದ ಸ್ಟೀರಾಯ್ಡನ್ನು ವೈದ್ಯರು ಹೇಳಿದರೆ ಹೆದರದೆ ತೆಗೆದುಕೊಳ್ಳಿರಿ, ಹೇಳದೆ ಮುಟ್ಟಬೇಡಿರಿ, ಕೇಳದೆ ನಿಲ್ಲಿಸಲೂಬೇಡಿರಿ. ನಿಮ್ಮ ಮನೆಯ ಹಿರಿಯರು ನುಂಗುವ ಗುಳಿಗೆಯ ಹೆಸರನ್ನು ಈ ಸಂಜೆಯೇ ಓದಿ ನೋಡಿರಿ. ನೀವು ಶಾಲೆಗೆ ಹೋಗಿ ಅಕ್ಷರ ಕಲಿತದ್ದು ಇಂಥ ಕೆಲಸಕ್ಕೂ ಹೌದು.

ಎರಡನೆಯದು ಓದಿನ ಮಾತು. ಗದಗ, ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿಯಾದರೂ ಇರಲಿ, ಇಂದು ಪ್ರೌಢಶಾಲೆಯ ಬಾಗಿಲಲ್ಲಿ ನಮ್ಮ ಮಕ್ಕಳನ್ನು ತಡೆಯುವ ಕಾನೂನಿಲ್ಲ. ಜೂಲಿಯನ್ ಅವರಿಗೆ ಊರು ಮುಚ್ಚಿದ ಬಾಗಿಲನ್ನು ನಾವು ನಮ್ಮ ಕೈಯಾರೆ ಮುಚ್ಚಿಕೊಳ್ಳಬಾರದು. ಬಡತನ ನಿಜ, ಮನೆಯ ತೊಂದರೆ ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಸಂಸ್ಥೆಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ: ನಿಮ್ಮ ಓಣಿಯಲ್ಲಿ ಎಂಟು, ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಒಂದು ಮಗುವಿದ್ದರೆ ಆ ಮನೆಗೆ ಒಮ್ಮೆ ಹೋಗಿ ಕುಳಿತು ಮಾತಾಡಿರಿ.

ನನ್ನ ವಿದ್ಯಾರ್ಥಿನಿಯ ಮನೆಗೆ ನಾನು ಮೂರು ಸಲ ಹೋದೆ. ದಾದಿಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರು. ನೆರೆಮನೆಯ ಕಾಕಿಯೊಬ್ಬರು ಮಧ್ಯಾಹ್ನದ ಹೊತ್ತು ದಾದಿಯ ಬಳಿ ಕೂರಲು ಒಪ್ಪಿದರು. ಈ ವರ್ಷ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಳೆ. ದಾದಿಯ ಗುಳಿಗೆಯ ಲೆಕ್ಕವನ್ನು ಅವಳೇ ಒಂದು ಹಳೆಯ ನೋಟುಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಡುತ್ತಾಳೆ.